ನಿಮಗಿದು ಗೊತ್ತೇ? ಚಾಲೂ ಆಗಿ ಬಂದ್ ಬೀಳುವ ಹುಲ್ಲಿನ ಮಷೀನು!

ಹಗ್ಗ ಎಳೆದಿರಿ. ಬುರ್ರ್ ಅಂತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬಂದ್! ಮತ್ತೆ ಎಳೆದಿರಿ. ಮತ್ತೆ ಬುರ್ರ್, ಮತ್ತೆ ಬಂದ್. ಜಮಖಂಡಿ ಸೀಮೆಯಲ್ಲಿ ಕಬ್ಬಿನ ಬದುವಿನ ಹುಲ್ಲು ಸವರುವ ಬ್ರಷ್ ಕಟರ್ ಇರಲಿ, ಬಂಗಲೆ ಮುಂದಿನ ಲಾನ್ ಮೂವರ್ ಇರಲಿ, ಎಲ್ಲದರ ಹಟವೂ ಒಂದೇ. ಪೂರ್ತಿ ಸತ್ತ ಎಂಜಿನ್ ಎಷ್ಟೋ ವಾಸಿ, ಆಸೆ ಹುಟ್ಟಿಸಿ ಕೈಕೊಡುವುದು ಬಲು ಸಿಟ್ಟು ತರಿಸುತ್ತದೆ. ಆದರೆ ಅದರ ಹೊಟ್ಟೆಯೊಳಗಿನ ಸೋಜಿಗ ನೋಡಿದರೆ ಸಿಟ್ಟು ಇಳಿದುಹೋಗುತ್ತದೆ!

ಹತ್ತು ನಿಮಿಷ ಓಡಿ ನಿಲ್ಲುವ ಎಂಜಿನ್ನಿನ ಕಾಯಿಲೆ ಎಷ್ಟೋ ಸಲ ಎಂಜಿನ್ನಿನಲ್ಲಿ ಇರುವುದೇ ಇಲ್ಲ. ಪೆಟ್ರೋಲ್ ಟಾಕಿಯ ಮುಚ್ಚಳದಲ್ಲಿ ಇರುತ್ತದೆ! ಬಹಳ ಮಷೀನುಗಳ ಮುಚ್ಚಳದಲ್ಲಿ ಗಾಳಿ ಒಳಹೋಗಲು ಒಂದು ಸೂಜಿಮೊನೆಯಷ್ಟು ತೂತು ಇರುತ್ತದೆ. ಅದು ಧೂಳಿನಿಂದ ಮುಚ್ಚಿತೋ, ಟಾಕಿಯೊಳಗೆ ಗಾಳಿಯಿಲ್ಲದೆ ಪೆಟ್ರೋಲ್ ಇಳಿಯುವುದೇ ಇಲ್ಲ. ಮುಚ್ಚಳ ಸ್ವಲ್ಪ ಸಡಿಲು ಮಾಡಿ ನೋಡಿ. ಎಂಜಿನ್ ಓಡಿತೇ? ಕಳ್ಳ ಸಿಕ್ಕಿಬಿದ್ದ!

ಇಂಥದೇ ತೊಂದರೆಯನ್ನು ಜೇಡ ಕೂಡ ಮಾಡಬಲ್ಲದು ಗೊತ್ತೇ? 2011ರಲ್ಲಿ ಮಾಜ್ದಾ ಕಂಪನಿ ಅಮೆರಿಕದಲ್ಲಿ ಸಾವಿರಾರು ಕಾರುಗಳನ್ನು ವಾಪಸ್ ಕರೆಸಿಕೊಂಡಿತು. ಪೆಟ್ರೋಲ್ ಟಾಕಿಯ ಗಾಳಿ ಕೊಳವೆಯಲ್ಲಿ ಹಳದಿ ಜೇಡ ಬಲೆ ಕಟ್ಟುತ್ತಿತ್ತು! ನಿಮ್ಮ ಮಷೀನು ಹಿತ್ತಲ ಮೂಲೆಯಲ್ಲಿ ಎಷ್ಟು ದಿನ ಬಿದ್ದಿತ್ತು ಅಂತ ಒಮ್ಮೆ ನೆನಪಿಸಿಕೊಳ್ಳಿ.

ಇನ್ನೊಂದು ಮಷೀನು ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ತೆಗೆದರೆ ನಿಲ್ಲುತ್ತದೆ. ಅಂದರೆ ಉಸಿರು ಕಟ್ಟಿದರೆ ಬದುಕು, ಉಸಿರು ಬಿಟ್ಟರೆ ಸಾವು! ವಿಚಿತ್ರ ಅನ್ನಿಸಿತೇ? ಚೋಕ್ ಗಾಳಿಯನ್ನು ತಡೆಯುತ್ತದೆ. ಗಾಳಿ ಕಡಿಮೆಯಾದಾಗಲೇ ಸರಿ ಹೊಂದುತ್ತಿದೆ ಅಂದರೆ ಪೆಟ್ರೋಲೇ ಸಾಲುತ್ತಿಲ್ಲ ಅಂತ ಲೆಕ್ಕ. ಕಾರ್ಬೊರೇಟರಿನಲ್ಲಿ ಕಚರಾ ಕೂತಿದೆ!

ಆ ಕಚರಾ ಎಷ್ಟಿರಬಹುದು? ಪೆಟ್ರೋಲ್ ಹಾಯುವ ಹಿತ್ತಾಳೆ ಜೆಟ್ಟಿನ ತೂತೇ ಒಂದು ಮಿಲಿಮೀಟರಿಗಿಂತ ಸಣ್ಣದು. ಒಂದು ಮರಳಿನ ಕಣ ಸಾಕು! ಸೂಜಿ ತಂದು ಚುಚ್ಚಬೇಡಿ, ಮೆತ್ತನೆಯ ಹಿತ್ತಾಳೆ ಅಗಲವಾಗಿ ಹೊಸ ಕಾಯಿಲೆ ಶುರುವಾಗುತ್ತದೆ. ಗಾಳಿ ಹೊಡೆದು ಬಿಡಿಸಬೇಕು.

ಕೆಲವು ಎಂಜಿನ್ನುಗಳು ಗುಂಯ್… ಗುಂ… ಗುಂಯ್… ಅಂತ ಏರಿಳಿಯುತ್ತ ಓಡುತ್ತವೆ, ಕೇಳಿದ್ದೀರಾ? ಪೆಟ್ರೋಲ್ ಸಾಲದೆ ವೇಗ ಬೀಳುತ್ತದೆ, ವೇಗ ಕಾಯುವ ಗವರ್ನರ್ ಗಾಬರಿಬಿದ್ದು ಥ್ರಾಟಲ್ ಎಳೆಯುತ್ತದೆ, ವೇಗ ಹೆಚ್ಚಾಯಿತೆಂದು ಮತ್ತೆ ಬಿಡುತ್ತದೆ. ಕೆಲವು ಮೂವರುಗಳಲ್ಲಿ ಈ ಗವರ್ನರ್ ಅಂದರೆ ಒಂದು ತಗಡಿನಂಥ ಹಲಗೆ ಅಷ್ಟೇ. ಎಂಜಿನ್ ಫ್ಯಾನಿನ ಗಾಳಿಗೆ ಅಲುಗಾಡುತ್ತ ಇಡೀ ಎಂಜಿನ್ನನ್ನು ಹದ್ದುಬಸ್ತಿನಲ್ಲಿಡುತ್ತದೆ!

ಈಗ ನಮ್ಮ ಸೀಮೆಯ ದೊಡ್ಡ ಸುದ್ದಿ. ನೀವು ಕಾರ್ಖಾನೆಗೆ ಕಳಿಸಿದ ಕಬ್ಬು ನಿಮ್ಮದೇ ಮಷೀನಿನ ಟಾಕಿಗೆ ವಾಪಸ್ ಬರುತ್ತಿದೆ! ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಸಕ್ಕರೆಯ ಜೊತೆಗೆ ಎಥೆನಾಲೂ ತಯಾರಾಗುತ್ತದೆ. ಒಂದು ಟನ್ ಕಬ್ಬಿನ ಹಾಲಿನಿಂದ ಸುಮಾರು 70 ಲೀಟರ್! ದೇಶದ ಪೆಟ್ರೋಲಿನಲ್ಲಿ 2013–14ರಲ್ಲಿ ಎಥೆನಾಲ್ ಪಾಲು ಶೇ 1.5ರ ಆಸುಪಾಸು ಇತ್ತು. 2025ಕ್ಕೆ ಅದು ಶೇ 20 ಮುಟ್ಟಿತು. ನೀವು ತಂದ ಐದು ಲೀಟರ್ ಕ್ಯಾನಿನಲ್ಲಿ ಒಂದು ಲೀಟರ್ ಎಥೆನಾಲೇ!

ಅದಕ್ಕೊಂದು ಚಾಳಿ ಇದೆ. ಎಥೆನಾಲಿಗೆ ನೀರೆಂದರೆ ಪ್ರಾಣ. ಮಳೆಗಾಲದ ಗಾಳಿಯಿಂದಲೇ ತೇವ ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿತೋ, ಪೆಟ್ರೋಲಿನ ಕೈ ಬಿಟ್ಟು ನೀರಿನ ಕೈ ಹಿಡಿದು ಟಾಕಿಯ ತಳಕ್ಕೆ ಇಳಿದುಬಿಡುತ್ತದೆ! ಎಂಜಿನ್ ಪೆಟ್ರೋಲ್ ಹೀರುವುದೂ ತಳದಿಂದಲೇ. ಮತ್ತೆ ಓಡಬೇಕೆಂದರೆ ಹೇಗ್ರೀ ಓಡೀತು? ಅನುಮಾನವಿದ್ದರೆ ಟಾಕಿಯ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು ಬೆಳಕಿಗೆ ಹಿಡಿಯಿರಿ. ನಡುವೆ ಗೆರೆ ಎಳೆದಂತೆ ಎರಡು ಪದರ ಕಂಡರೆ, ಅದೇ! ಇದಕ್ಕೆ ಕಬ್ಬನ್ನು ಬೈದು ಫಲವಿಲ್ಲ. ತಿಂಗಳುಗಟ್ಟಲೆ ಕ್ಯಾನಿನಲ್ಲಿ ಪೆಟ್ರೋಲ್ ಇಟ್ಟವರು ನಾವೇ.

ಒಂದು ಲೀಟರ್ ಪೆಟ್ರೋಲ್ ಉರಿಯಲು ಎಷ್ಟು ಗಾಳಿ ಬೇಕು, ಊಹಿಸಿ. ಹತ್ತು ಲೀಟರ್? ನೂರು? ಸುಮಾರು 9,000 ಲೀಟರ್! ಅಷ್ಟೂ ಗಾಳಿ ಹಾಯುವುದು ಅಂಗೈಯಗಲದ ಒಂದು ಫಿಲ್ಟರಿನ ಮೂಲಕ. ಬೇಸಿಗೆಯಲ್ಲಿ ಎರಿ ಹೊಲದ ಧೂಳು ಅದರ ಮೇಲೆ ಕೂತರೆ ಎಂಜಿನ್ನಿಗೆ ದಮ್ಮು ಹತ್ತದೆ ಇನ್ನೇನಾದೀತು?

ರಬಕವಿ-ಬನಹಟ್ಟಿಯ ನೇಕಾರರೇ, ಇದು ನಿಮಗೆ. ಲಾನ್ ಮೂವರ್ ಹುಟ್ಟಿದ್ದು ಹುಲ್ಲುಗಾವಲಿನಲ್ಲಿ ಅಲ್ಲ, ಬಟ್ಟೆ ಗಿರಣಿಯಲ್ಲಿ! ಉಣ್ಣೆ ಬಟ್ಟೆಯ ಮೈಮೇಲೆ ಎದ್ದ ಎಳೆಗಳನ್ನು ಸವರುವ ಯಂತ್ರವನ್ನು ಇಂಗ್ಲೆಂಡಿನ ಸ್ಟ್ರೌಡ್ ಊರಿನ ಎಡ್ವಿನ್ ಬಡ್ಡಿಂಗ್ ಕಂಡ. ಅದೇ ಅಲಗಿನ ಉರುಳೆಯನ್ನು ಹುಲ್ಲಿನ ಮೇಲೆ ಉರುಳಿಸಿದ. 1830ರಲ್ಲಿ ಪೇಟೆಂಟ್ ಪಡೆದ. ನೋಡಿದವರು ನಕ್ಕಾರೆಂದು ರಾತ್ರಿ ಕತ್ತಲಲ್ಲಿ ಪರೀಕ್ಷೆ ಮಾಡುತ್ತಿದ್ದನಂತೆ!

ಇನ್ನು ಗಿರಗಿರ ತಿರುಗಿ ಹುಲ್ಲು ಕತ್ತರಿಸುವ ನೈಲಾನ್ ದಾರ? ಅದು ಅಮೆರಿಕದ ಡಾನ್ಸ್ ಶಾಲೆಯೊಂದರ ಮಾಲೀಕನ ತಲೆಯಲ್ಲಿ ಹೊಳೆದದ್ದು! ಹ್ಯೂಸ್ಟನ್ನಿನ ಜಾರ್ಜ್ ಬಾಲಾಸ್ 1971ರಲ್ಲಿ ಕಾರು ತೊಳೆಯುವ ಬ್ರಷ್ಷುಗಳು ತಿರುಗುವುದನ್ನು ನೋಡಿದ. ಮನೆಗೆ ಬಂದು ಪಾಪ್‌ಕಾರ್ನ್ ಡಬ್ಬಿಗೆ ಮೀನಿನ ಗಾಳದ ದಾರ ಪೋಣಿಸಿ ತಿರುಗಿಸಿದ. ಹುಲ್ಲು ಕತ್ತರಿಸಿಹೋಯಿತು!

ಮತ್ತೆ ಎಂಜಿನ್ನಿಗೆ ಬರೋಣ. ಹಗ್ಗ ಎಳೆಯುವ ಈ ಎಂಜಿನ್ನುಗಳಲ್ಲಿ ಬ್ಯಾಟರಿಯೇ ಇಲ್ಲ. ಫ್ಲೈವೀಲಿಗೆ ಅಂಟಿಸಿದ ಅಯಸ್ಕಾಂತ ಕಾಯಿಲ್ ಮುಂದೆ ಹಾಯ್ದರೆ ಸಾಕು, ಹತ್ತು ಸಾವಿರ ವೋಲ್ಟಿಗೂ ಮಿಗಿಲಾದ ಕಿಡಿ! ಎರಡರ ನಡುವಿನ ಸಂದು ಒಂದು ವಿಸಿಟಿಂಗ್ ಕಾರ್ಡಿನಷ್ಟು. ಮಿಸ್ತ್ರಿಗಳು ನಿಜವಾಗಿಯೂ ಕಾರ್ಡನ್ನೇ ತೂರಿಸಿ ಅಳತೆ ನೋಡುತ್ತಾರೆ!

ನಿಮಿಷಕ್ಕೆ 3,000 ಸುತ್ತು ಓಡುವ ಮೂವರಿನಲ್ಲಿ ಸೆಕೆಂಡಿಗೆ 50 ಕಿಡಿ. ಅದರಲ್ಲಿ 25 ಕಿಡಿ ಪೂರ್ತಿ ದಂಡ! ಹೊಗೆ ಹೊರಹೋಗುವ ಹೊತ್ತಿಗೂ ಪ್ಲಗ್ ಸುಮ್ಮನೆ ಕಿಡಿ ಹಾರಿಸುತ್ತಲೇ ಇರುತ್ತದೆ.

ಕಾದಾಗ ನಿಂತು, ತಣಿದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಗುತ್ತದೆಯೇ? ಕಾಯಿಲ್ ಮೇಲೆ ಕಣ್ಣಿಡಿ. ನಿಂತ ಕೂಡಲೇ ಪ್ಲಗ್ ಬಿಚ್ಚಿ ಕಿಡಿ ನೋಡಬೇಕು. ಚಹಾ ಕುಡಿದು ಬರುವಷ್ಟರಲ್ಲಿ ಸಾಕ್ಷಿ ಮಾಯ!

ಮೂವರಿನ ಕೆಳಗಿನ ಅಲಗು ಹುಲ್ಲು ಕತ್ತರಿಸಲು ಮಾತ್ರ ಅಂತ ತಿಳಿದಿದ್ದೀರಾ? ಅಲ್ಲ! ಹಲವು ಮೂವರುಗಳ ಫ್ಲೈವೀಲ್ ಬಲು ಹಗುರ. ಎಂಜಿನ್ನಿಗೆ ಬೇಕಾದ ಭಾರ ಕೊಡುವುದು ಅಲಗೇ. ಅದರ ಬೋಲ್ಟ್ ಸಡಿಲಾದರೆ ಎಂಜಿನ್ನೂ ಕೆಮ್ಮುತ್ತದೆ! ಮತ್ತೆ, ಎಚ್ಚರ: ಅಲಗು ಕೈಯಿಂದ ತಿರುಗಿಸಿದರೂ ಅಯಸ್ಕಾಂತ ತಿರುಗುತ್ತದೆ, ಕಿಡಿ ಹಾರಬಹುದು. ಪ್ಲಗ್ ವೈರ್ ಕಿತ್ತಿಡದೆ ಅಲಗು ಮುಟ್ಟಲೇಬೇಡಿ.

ಹೊಳೆ ದಂಡೆಯ ಇಳಿಜಾರಿನಲ್ಲಿ ನೀರೆತ್ತುವ ಪೆಟ್ರೋಲ್ ಎಂಜಿನ್ ಹಚ್ಚಿದರೆ ಪಟ್ಟನೆ ಬಂದ್. ಸಪಾಟು ಕಲ್ಲಿನ ಮೇಲೆ ಇಟ್ಟರೆ ದಿನವಿಡೀ ಓಟ! ದೆವ್ವವಲ್ಲ. ಎಣ್ಣೆ ಒಂದು ಬದಿಗೆ ಸರಿದಾಗ, ಒಳಗಿನ ಸೆನ್ಸರ್ ಎಣ್ಣೆಯೇ ಮುಗಿಯಿತೆಂದು ಕಿಡಿ ಕಡಿದುಹಾಕುತ್ತದೆ.

ಬ್ರಷ್ ಕಟರ್ ಶಕ್ತಿಗುಂದಿ ನಿಲ್ಲುತ್ತಿದೆಯೇ? ಸೈಲೆನ್ಸರ್ ಬಾಯಿ ನೋಡಿ. ಒಣ ರವದಿಗೆ ಕಿಡಿ ಬೀಳಬಾರದೆಂದು ಅಲ್ಲೊಂದು ತಂತಿ ಜಾಲರಿ ಇಟ್ಟಿರುತ್ತಾರೆ. ಅದಕ್ಕೆ ಮಸಿ ಹಿಡಿದರೆ ಹೊಗೆಗೆ ದಾರಿಯಿಲ್ಲ! ಪೆಟ್ರೋಲಿಗೆ ಟೂ-ಟಿ ಆಯಿಲ್ ಧಾರಾಳವಾಗಿ ಸುರಿದಷ್ಟೂ ಮಸಿ ಜಾಸ್ತಿ. 50ಕ್ಕೆ 1ರ ಬೆರಕೆ ಅಂದರೆ ಲೀಟರ್ ಪೆಟ್ರೋಲಿಗೆ ಬರೀ 20 ಮಿಲಿಲೀಟರ್.

ಕೊನೆಗೊಂದು ಉಪಾಯ. ಕೆಲಸ ಮುಗಿಸಿ ಮಷೀನು ಎತ್ತಿಡುವ ಮುಂಚೆ ಎಂಜಿನ್ ಓಡುತ್ತಿರುವಾಗಲೇ ಪೆಟ್ರೋಲ್ ಕಾಕ್ ಬಂದ್ ಮಾಡಿ. ಕಾರ್ಬೊರೇಟರಿನಲ್ಲಿ ಉಳಿದದ್ದೂ ಉರಿದು ಖಾಲಿಯಾಗಿ, ಎಂಜಿನ್ ತಾನಾಗಿ ಕೆಮ್ಮಿ ನಿಲ್ಲುತ್ತದೆ. ಆ ಒಂದು ಸಲ ಮಾತ್ರ ಬೈಯಬೇಡಿ, ಬಂದ್ ಬೀಳಲಿ ಬಿಡಿ!