ಬಾವುಟ ನೆಟ್ಟವರು ಜನರನ್ನು ಮರೆತಾಗ

ಗಡಿ, ನೆಲ, ಬಾವುಟ ಅಂತ ನಾವು ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ. ಇವತ್ತು ಒಂದು ತುಂಡು ನೆಲದ ಕಥೆ ಹೇಳ್ತೀನಿ, ಕೇಳಿ. ಹೆಸರು ಕ್ಲಿಪ್ಪರ್‌ಟನ್. ಪೆಸಿಫಿಕ್ ಸಾಗರದಲ್ಲಿ, ಮೆಕ್ಸಿಕೋ ಕರಾವಳಿಯಿಂದ ಸಾವಿರ ಕಿಲೋಮೀಟರಿಗೂ ಆಚೆ ಇರುವ ಹವಳದ ದ್ವೀಪ. ಬಳೆಯ ಹಾಗೆ ಸುತ್ತಲೂ ನೆಲ, ನಡುವೆ ಸಮುದ್ರದ ಸಂಪರ್ಕವೇ ಇಲ್ಲದ ನಿಂತ ನೀರು. ಇರೋ ನೆಲ ಎರಡು ಚದರ ಕಿಲೋಮೀಟರಿನ ಆಸುಪಾಸು. ಎತ್ತರದ ಜಾಗ ಅಂದ್ರೆ 29 ಮೀಟರಿನ ಒಂದು ಬಂಡೆ, ಅಷ್ಟೇ.

ಇದಕ್ಕೂ ಜಗಳ ಆಯ್ತು ಸ್ವಾಮಿ! ಯಾಕೆ ಗೊತ್ತಾ? ಹಕ್ಕಿ ಹಿಕ್ಕೆಗೆ. ಶತಮಾನಗಳಿಂದ ಬಿದ್ದ ಹಿಕ್ಕೆಯಿಂದ ಆದ ಫಾಸ್ಫೇಟ್ ಆಗ ಬೆಲೆಬಾಳುವ ಗೊಬ್ಬರ. 1858ರಲ್ಲಿ ಫ್ರಾನ್ಸ್ ಇದು ನಮ್ಮದು ಅಂತು. 1897ರಲ್ಲಿ ಮೆಕ್ಸಿಕೋ ಬಂದು ತನ್ನ ಬಾವುಟ ಹಾರಿಸಿತು. ಆಮೇಲೆ ಸೈನಿಕರನ್ನು ಹೆಂಡತಿ ಮಕ್ಕಳ ಸಮೇತ ಅಲ್ಲಿಗೆ ಕಳಿಸಿತು. 1914ರ ಹೊತ್ತಿಗೆ ಅಲ್ಲಿ ನೂರರಷ್ಟು ಜನ.

ಅವರಿಗೆ ಊಟ ಬರಬೇಕಾದದ್ದು ಹಡಗಿನಲ್ಲಿ. ಮೆಕ್ಸಿಕೋದಲ್ಲಿ ಕ್ರಾಂತಿ ಎದ್ದಿತು, ಹಡಗು ನಿಂತಿತು. ತರಕಾರಿ, ಹಣ್ಣು ಇಲ್ಲದೆ ಸ್ಕರ್ವಿ ರೋಗ ಬಂದು ಒಬ್ಬೊಬ್ಬರೇ ಸತ್ತರು. ಅಮೆರಿಕದ ಹಡಗೊಂದು ಕರೆದೊಯ್ಯಲು ಸಿದ್ಧವಿತ್ತು, ಕ್ಯಾಪ್ಟನ್ ಅರ್ನೋ ಒಪ್ಪಲಿಲ್ಲ. 1915ರಲ್ಲಿ ದೂರದ ಹಡಗೊಂದನ್ನು ಹಿಡಿಯಲು ದೋಣಿಯಲ್ಲಿ ಹೋದ ಅವರೂ ಮುಳುಗಿದರು. ಕೊನೆಗೆ ಉಳಿದ ಗಂಡಸು ದೀಪಸ್ತಂಭದ ಕಾವಲುಗಾರ ಅಲ್ವಾರೆಜ್. ತಾನೇ ರಾಜ ಅಂದುಕೊಂಡು ಹೆಂಗಸರಿಗೆ ನರಕ ತೋರಿಸಿದ. 1917ರ ಜುಲೈನಲ್ಲಿ ಆ ಹೆಂಗಸರೇ ಅವನನ್ನು ಮುಗಿಸಿದರು. ಅದೇ ಹೊತ್ತಿಗೆ ಬಂದ ಅಮೆರಿಕದ 'ಯಾರ್ಕ್‌ಟೌನ್' ಹಡಗು ಉಳಿದಿದ್ದ ಹೆಂಗಸರು, ಮಕ್ಕಳನ್ನು ಕರೆದೊಯ್ದಿತು. 1931ರಲ್ಲಿ ಇಟಲಿಯ ರಾಜ ತೀರ್ಪು ಕೊಟ್ಟ: ದ್ವೀಪ ಫ್ರಾನ್ಸಿನದು.

ಜನ ಹೋದರೂ ಅವರು ತಂದಿದ್ದ ಹಂದಿಗಳು ಉಳಿದವು. ಮೊಟ್ಟೆ, ಮರಿ, ಏಡಿ, ಎಲ್ಲವನ್ನೂ ತಿಂದವು. 1958ರಲ್ಲಿ ಕೆನೆತ್ ಸ್ಟೇಜರ್ ಎಂಬ ಪಕ್ಷಿತಜ್ಞ ಅಲ್ಲಿದ್ದ 58 ಹಂದಿಗಳನ್ನೂ ಗುಂಡಿಟ್ಟು ಕೊಂದರು. ಆಗ ನೂರರ ಲೆಕ್ಕದಲ್ಲಿದ್ದ ಬೂಬಿ ಎಂಬ ಕಡಲಹಕ್ಕಿಗಳು ಮುಂದೆ ಲಕ್ಷ ದಾಟಿದವು. ಕಿತ್ತಳೆ ಬಣ್ಣದ ಏಡಿಗಳೂ ಮತ್ತೆ ನೆಲ ತುಂಬಿದವು. ಈಗ ಒಡೆದ ಹಡಗುಗಳಿಂದ ಇಳಿದ ಇಲಿಗಳ ಕಾಟ ಶುರುವಾಗಿದೆ.

ಹಾಗಾದ್ರೆ ಫ್ರಾನ್ಸಿಗೆ ಈ ಖಾಲಿ ದ್ವೀಪ ಯಾಕೆ? ನೆಲಕ್ಕಲ್ಲ, ನೀರಿಗೆ. ಇದರ ಸುತ್ತ ನಾಲ್ಕು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಸಮುದ್ರದ ಮೇಲೆ ಅದು ಹಕ್ಕು ಹೇಳುತ್ತೆ. ಟ್ಯೂನಾ ಮೀನು ಅಲ್ಲಿದೆ.

ನೆಲ ಬಿಟ್ಟುಕೊಡಿ ಅಂತ ನಾನು ಹೇಳ್ತಿಲ್ಲ. ಆದರೆ ಬಾವುಟ ಕಾಯಲು ಜನರನ್ನು ಕಳಿಸಿದ ಮೇಲೆ, ಅವರ ಅಕ್ಕಿ ಬೇಳೆಯ ಹಡಗೂ ತಪ್ಪದೆ ಹೋಗಬೇಕು. ಯಾವ ಸರ್ಕಾರಕ್ಕಾದರೂ ನಾನು ಮೊದಲು ಕೇಳೋದು ಅದನ್ನೇ.