ಮಹಾವೀರಾಚಾರ್ಯನ ಹಾರಸಂಖ್ಯೆ: 12345654321

ಸಾಂಗಲಿ, ಮಿರಜ್‌ಗಳಲ್ಲಿ ಒಂದೇ ಸಂಖ್ಯೆಗೆ ಎರಡು ಓದುಗಳಿವೆ. 56ನ್ನು ಕನ್ನಡಿಗರು ‘ಐವತ್ತಾರು’ ಎನ್ನುವಾಗ ಹತ್ತರ ಸ್ಥಾನ ಮೊದಲು ಬರುತ್ತದೆ. ಮರಾಠಿಯ ‘ಛಪ್ಪನ್ನ’ದಲ್ಲಿ ಬಿಡಿಯ ಸ್ಥಾನ ಮೊದಲು. ಎರಡೂ ಭಾಷೆಗಳನ್ನು ಕೇಳಿ ಬೆಳೆಯುವ ಮಗು ಸಂಖ್ಯೆಯನ್ನು ಕಿವಿಯಿಂದ ಕಾಗದಕ್ಕೆ ಇಳಿಸುವಾಗ ಈ ವ್ಯತ್ಯಾಸವನ್ನು ದಾಟಬೇಕು. 2019ರಲ್ಲಿ ಮಹಾರಾಷ್ಟ್ರದ ಎರಡನೆಯ ತರಗತಿಯ ಗಣಿತ ಪಠ್ಯದಲ್ಲಿ ‘ಏಕವೀಸ’ದ ಜೊತೆಗೆ ‘ವೀಸ ಏಕ’ ಎಂಬ ಓದೂ ಬಂದಾಗ ಚರ್ಚೆಗೊಳಗಾದದ್ದು ಈ ಕ್ರಮವೇ.

ಎಡದಿಂದ ಓದಿದರೂ ಬಲದಿಂದ ಓದಿದರೂ ಅಂಕೆಗಳ ಕ್ರಮ ಬದಲಾಗದ ಸಂಖ್ಯೆಗಳೂ ಇವೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಇಂತಹ ಗುಣಲಬ್ಧಗಳನ್ನು ಕೊರಳಹಾರಕ್ಕೆ ಹೋಲಿಸಿದನು. ಅದೇ ವಂಶದ ನಾಲ್ವಡಿ ಗೋವಿಂದನ 933ರ ತಾಮ್ರಶಾಸನವು ಸಾಂಗಲಿಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಆಚಾರ್ಯನ ಒಂದು ಗುಣಾಕಾರ ಹೀಗಿದೆ: 27994681 × 441 = 12345654321. ಇಂದಿನ ಓದಿನಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಆತನು ಕೊಟ್ಟ 24 ಸ್ಥಾನನಾಮಗಳ ಪ್ರಕಾರ ಇದರ ಹನ್ನೊಂದನೆಯ ಸ್ಥಾನಕ್ಕೆ ‘ಅರ್ಬುದ’ವೆಂದು ಹೆಸರು.

ಈ ಹಾರದ ಕಟ್ಟನ್ನು ಬಿಚ್ಚಿ ನೋಡಬಹುದು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. ಆದುದರಿಂದ ಗುಣಲಬ್ಧವೂ ವರ್ಗಸಂಖ್ಯೆಯೇ. ಅದರ ಮೂಲ 21 × 5291, ಅಂದರೆ 111111. ಈ ಮೂಲವು 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ವರ್ಗದಲ್ಲಿ ಪ್ರತಿಯೊಂದೂ ಎರಡು ಬಾರಿ ಬರುವುದರಿಂದ, ಪ್ರತಿಯೊಂದನ್ನು ಬಿಡಲು, ಒಮ್ಮೆ ಅಥವಾ ಎರಡು ಬಾರಿ ತೆಗೆದುಕೊಳ್ಳಲು ಅವಕಾಶವಿದೆ; ಹೀಗೆ ಒಟ್ಟು ಅಪವರ್ತನಗಳು 3 × 3 × 3 × 3 × 3 = 243.

ಸಂಖ್ಯೆಗಳನ್ನು ಅವುಗಳ ಅಪವರ್ತನಗಳ ಮೊತ್ತದಿಂದಲೂ ವರ್ಗೀಕರಿಸುವುದುಂಟು. ತನ್ನನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತವು ಸಂಖ್ಯೆಗೆ ಸಮನಾದರೆ ಅದು ಪರಿಪೂರ್ಣ (1 + 2 + 3 = 6); ಕಡಿಮೆಯಾದರೆ ನ್ಯೂನ; ಹೆಚ್ಚಾದರೆ ಸಮೃದ್ಧ. ಬೆಸಸಂಖ್ಯೆಗಳಲ್ಲಿ ಸಮೃದ್ಧವಾದವು ವಿರಳ. ಅತಿ ಚಿಕ್ಕದು 945. ಹಾರಸಂಖ್ಯೆಯಲ್ಲಿ 37ನ್ನು ಕೈಬಿಟ್ಟರೆ ಉಳಿಯುವುದು 3003ರ ವರ್ಗವಾದ 9018009. ಅದರ ಮೊತ್ತ 9017190. ಕೇವಲ 819 ಕಡಿಮೆಯಾಗಿ ಅದು ನ್ಯೂನವಾಗುತ್ತದೆ. 37 ಸೇರಿದೊಡನೆ ಮೊತ್ತವು 13029870672ಕ್ಕೆ ಏರಿ, ಹಾರಸಂಖ್ಯೆಯು ಸಮೃದ್ಧವಾಗುತ್ತದೆ.

ಈ ಗುಣಗಳು ಯಾವ ಭಾಷೆಯ ಓದಿನಿಂದಲೂ ಬದಲಾಗವು. ಆದರೆ ಅವುಗಳನ್ನು ಮಗುವಿಗೆ ತಿಳಿಸಲು ಭಾಷೆಯೊಂದು ಬೇಕು. ಮಹಾವೀರನು ಬರೆದದ್ದು ಸಂಸ್ಕೃತದಲ್ಲಿ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಗಳ ಮಕ್ಕಳು ಇಂದು ಲೆಕ್ಕ ಕಲಿಯುವುದು ಆ ನುಡಿಯಲ್ಲಿ. 5291ನ್ನು ವರ್ಗಮಾಡಿ, ಬಂದುದನ್ನು 441ರಿಂದ ಗುಣಿಸಲು ಅವರಿಗೆ ಒಂದು ಹಾಳೆ ಸಾಕು.