ಅಟ್ಟದ ಮೇಲಿನ ಹಳೆಯ ವಸ್ತುಗಳು: ದಾನ, ಮರುಬಳಕೆ ಮತ್ತು ವರ್ತಕರ ಹೊಣೆ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳಲ್ಲಿ ಹಳೆಯ ಹೆಂಚಿನ ಮನೆಗಳು ತೆರವಾಗಿ ತಾರಸಿ ಮನೆಗಳು ತಲೆಯೆತ್ತುತ್ತಿವೆ. ಕೂಡುಕುಟುಂಬಗಳು ಪಾಲಾಗುವಾಗ, ಚೌತಿ ಅಥವಾ ದೀಪಾವಳಿಗೆ ಮುನ್ನ ಮನೆ ಶುಚಿಗೊಳಿಸುವಾಗ, ಅಟ್ಟದಲ್ಲಿ ತಲೆಮಾರುಗಳಿಂದ ಉಳಿದ ವಸ್ತುಗಳು ಹೊರಬರುತ್ತವೆ. ಅವೆಲ್ಲವೂ ಒಂದೇ ದಿನ, ಒಂದೇ ವಾಹನದಲ್ಲಿ, ಒಟ್ಟು ತೂಕದ ಲೆಕ್ಕದಲ್ಲಿ ಗುಜರಿ ಸೇರುವುದು ಸಾಮಾನ್ಯ. ಇದರಿಂದ ಮನೆಯವರಿಗೆ ನಷ್ಟ. ಕೊಂಡ ವರ್ತಕರಿಗೂ ಕೆಲವೊಮ್ಮೆ ಕಾನೂನಿನ ತೊಡಕು. ವಸ್ತುಗಳನ್ನು ಮೊದಲೇ ವಿಂಗಡಿಸುವುದೇ ಇದಕ್ಕೆ ಪರಿಹಾರ.

ದಾನಕ್ಕೆ ಯೋಗ್ಯವಾದವು

ಇನ್ನೊಬ್ಬರು ಇದ್ದಂತೆಯೇ ಬಳಸಬಹುದಾದ ವಸ್ತು ಮಾತ್ರ ದಾನಕ್ಕೆ ಯೋಗ್ಯ. 2019ರ ಆಗಸ್ಟ್‌ನಲ್ಲಿ ನೇತ್ರಾವತಿ ಉಕ್ಕಿ ಬೆಳ್ತಂಗಡಿ ಮತ್ತು ಬಂಟ್ವಾಳದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದಂತಹ ಸಂದರ್ಭಗಳಲ್ಲಿ ಪಾತ್ರೆ, ಹೊದಿಕೆ, ಒಳ್ಳೆಯ ಬಟ್ಟೆಗಳ ಬೆಲೆ ತಿಳಿಯುತ್ತದೆ. ಹರಿದ ಬಟ್ಟೆ ಪರಿಹಾರ ಕೇಂದ್ರಕ್ಕೆ ಹೊರೆ. ಅದು ಗ್ಯಾರೇಜು ಹಾಗೂ ಯಂತ್ರಾಗಾರಗಳಲ್ಲಿ ಒರೆಸುವ ಬಟ್ಟೆಯಾಗಿ ಉಪಯೋಗಕ್ಕೆ ಬರುತ್ತದೆ.

ಲೋಹದ ಪಾತ್ರೆಗಳು

ಕಂಚು ತಾಮ್ರ ಮತ್ತು ತವರದ ಮಿಶ್ರಣ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ತವರವು ಸತುವಿಗಿಂತ ಬಹಳ ದುಬಾರಿ. ಆದುದರಿಂದ ಕಂಚಿನ ಬಟ್ಟಲು, ತಾಮ್ರದ ಹಂಡೆ, ಹಿತ್ತಾಳೆಯ ಕೊಡಪಾನಗಳನ್ನು ಬೆರೆಸಿ ತೂಗಿಸಿದರೆ ಮಾರುವವರಿಗೆ ನಷ್ಟವಾಗುತ್ತದೆ. ಅಲ್ಯೂಮಿನಿಯಮ್ಮನ್ನು ಕರಗಿಸಿ ಮರುಬಳಸಲು ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇ. 5ರಷ್ಟು ಸಾಕು. ಸಣ್ಣ ಕೈಗಾರಿಕೆಗಳಿಗೆ ಇದು ಗಮನಾರ್ಹ ಸಂಗತಿ.

ಕರಗಿಸಬಾರದ ವಸ್ತುಗಳು

ಕೆಲವು ವಸ್ತುಗಳ ಬೆಲೆ ತೂಕದಲ್ಲಿಲ್ಲ. ಈ ನಾಡಿನ ಅಕ್ಕಿಯ ವ್ಯಾಪಾರ ಹಿಂದೆ ಸೇರು, ಕಳಸೆ, ಮುಡಿಗಳ ಲೆಕ್ಕದಲ್ಲಿ ನಡೆಯುತ್ತಿತ್ತು: 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು, ಆ ಅಳತೆಯ ಪಾತ್ರೆಗಳು ಅಟ್ಟ ಸೇರಿದವು. ವರ್ತಕ ಸಮುದಾಯದ ಇತಿಹಾಸವೇ ಅವುಗಳಲ್ಲಿದೆ. ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತು ಸಂಗ್ರಹಾಲಯವು ಇಂತಹ ದಿನಬಳಕೆಯ ಸಾಮಗ್ರಿಗಳನ್ನೇ ಕಾಪಿಟ್ಟಿದೆ. ಧರ್ಮಸ್ಥಳದ ಮಂಜೂಷಾ ವಸ್ತು ಸಂಗ್ರಹಾಲಯವು ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹಾಸಕ್ತಿಯ ಫಲ. ಮೂಡುಬಿದಿರೆಯಲ್ಲಿ ಧವಲ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದುದು ಅವುಗಳನ್ನು ಕಾಯ್ದವರಿದ್ದುದರಿಂದಲೇ. ಮನೆಯಲ್ಲಿ ದೊರೆತ ತಾಳೆಗರಿಯ ಕಟ್ಟನ್ನು ತಿಳಿದವರಿಗೆ ತೋರಿಸದೆ ಎಸೆಯಬಾರದು.

ಇಲ್ಲಿ ಕಾನೂನೂ ಇದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ 100 ವರ್ಷಕ್ಕಿಂತ ಕಡಿಮೆಯಿಲ್ಲದ ಶಿಲ್ಪ, ವಿಗ್ರಹ ಮೊದಲಾದವುಗಳೂ, 75 ವರ್ಷಕ್ಕಿಂತ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿಗಳೂ ಪುರಾವಸ್ತುಗಳೆನಿಸುತ್ತವೆ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ. ಖಾಸಗಿಯವರು ರಫ್ತು ಮಾಡುವಂತಿಲ್ಲ. ಬಸದಿ, ದೈವಸ್ಥಾನಗಳು ಹೆಚ್ಚಿರುವ ಈ ಪ್ರದೇಶದಲ್ಲಿ ವಿಗ್ರಹವನ್ನು ತೂಕಕ್ಕೆ ಕೊಳ್ಳುವ ಗುಜರಿ ವರ್ತಕರು ಕಳವಿನ ಮಾಲಿನ ಪ್ರಕರಣದಲ್ಲಿ ಸಿಲುಕುವ ಅಪಾಯವೂ ಉಂಟು. ಮಾರುವವರ ಹೆಸರು, ವಿಳಾಸ, ಗುರುತಿನ ವಿವರಗಳನ್ನು ಪುಸ್ತಕದಲ್ಲಿ ದಾಖಲಿಸಿಕೊಳ್ಳುವುದು ಕ್ಷೇಮಕರ.

ಬ್ಯಾಟರಿ ಮತ್ತು ವಿದ್ಯುನ್ಮಾನ ತ್ಯಾಜ್ಯ

ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವುದರಿಂದ ಇನ್ವರ್ಟರ್ ಇಲ್ಲಿ ಅನೇಕ ಮನೆಗಳಲ್ಲಿದೆ. ಅದರ ಹಳೆಯ ಬ್ಯಾಟರಿಯಲ್ಲಿ ಸೀಸ ಮತ್ತು ಆಮ್ಲ ಇರುತ್ತವೆ. ತೋಟದ ಮೂಲೆಯಲ್ಲಿ ಒಡೆದರೆ ಬಾವಿಯ ನೀರಿಗೇ ಅಪಾಯ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಇದನ್ನು ಮನೆಯ ಇತರ ಕಸದಿಂದ ಬೇರ್ಪಡಿಸಿ ಸಂಗ್ರಹಕಾರರಿಗೆ ಇಲ್ಲವೆ ಮರುಬಳಕೆದಾರರಿಗೆ ಒಪ್ಪಿಸಬೇಕೆನ್ನುತ್ತವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಮರಳಿಸುವುದು ಸುಲಭದ ದಾರಿ.

ಟಿವಿ, ಕಂಪ್ಯೂಟರ್, ಮೊಬೈಲ್‌ಗಳಿಗೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಅನ್ವಯಿಸುತ್ತವೆ. ಮರುಬಳಕೆಯ ಗುರಿ ತಲುಪುವ ಹೊಣೆಯನ್ನು ಇವು ಉತ್ಪಾದಕರ ಮೇಲೆ ಹೊರಿಸಿವೆ. ತಾಮ್ರಕ್ಕಾಗಿ ತಂತಿ ಸುಡುವ ರೂಢಿಯನ್ನು ಕೈಬಿಡಲೇಬೇಕು. ಅದರ ಹೊದಿಕೆಯ ಹೊಗೆ ವಿಷಕಾರಿ.

ತೆರಿಗೆಯ ವಿಚಾರ

2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ವ್ಯಾಪಾರಿಯಿಂದ ಲೋಹದ ಗುಜರಿ ಖರೀದಿಸುವ ನೋಂದಾಯಿತ ವರ್ತಕರೇ ಜಿಎಸ್‌ಟಿ ಪಾವತಿಸಬೇಕು. ನೋಂದಾಯಿತರ ನಡುವಣ ವ್ಯವಹಾರದಲ್ಲಿ ಒಪ್ಪಂದದ ಮೊತ್ತ 2.5 ಲಕ್ಷ ರೂ. ಮೀರಿದರೆ ಖರೀದಿದಾರರು ಶೇ. 2ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಬೇಕು. ಬಳಸಿದ ಪೀಠೋಪಕರಣ ಮುಂತಾದವನ್ನು ಸ್ವರೂಪ ಬದಲಿಸದೆ ಮರುಮಾರಾಟ ಮಾಡುವವರು, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟುವ ಅವಕಾಶವಿದೆ. ಹಳೆಯ ಸಾಮಾನುಗಳ ವ್ಯಾಪಾರಕ್ಕೆ ಇಳಿಯುವವರಿಗೆ ಇದು ಅನುಕೂಲಕರ.

ಮನೆ ತೆರವುಗೊಳಿಸುವ ಕುಟುಂಬಕ್ಕೆ ಗುಜರಿ ವರ್ತಕರೇ ಮೊದಲ ಸಲಹೆಗಾರರು. ತಕ್ಕಡಿಗೆ ಹಾಕುವ ಮೊದಲು ಒಂದು ಗಳಿಗೆ ವಿಂಗಡಿಸಿ, ಇಂತಹದನ್ನು ಕರಗಿಸುವುದು ಬೇಡವೆಂದು ಹೇಳಬಲ್ಲ ವರ್ತಕರನ್ನು ಊರು ನಂಬುತ್ತದೆ. ವ್ಯಾಪಾರಕ್ಕೆ ಆ ನಂಬಿಕೆಯೇ ಬಂಡವಾಳ.